ಕಂಪ್ಯೂಟರ್ ಬದಲಿಸಿದರೆ ಪ್ರೋಗ್ರಾಮಿನ ತಪ್ಪು ಹೋಗುವುದಿಲ್ಲ

ಮಾನ್ಯ ಸಂಪಾದಕರೇ,

ಪದವಿ ಕಾಲೇಜುಗಳಲ್ಲಿ ಪ್ರಾಯೋಗಿಕ ಪರೀಕ್ಷೆಗಳು ಹತ್ತಿರ ಬರುತ್ತಿರುವ ಈ ಹೊತ್ತಿನಲ್ಲಿ, ಹಲವು ವರ್ಷಗಳಿಂದ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಸುತ್ತಿರುವ ಉಪನ್ಯಾಸಕನಾಗಿ ಒಂದು ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಸಹೋದ್ಯೋಗಿಗಳ ಗಮನಕ್ಕೆ ತರಬಯಸುತ್ತೇನೆ. ಮನೆಯ ಲ್ಯಾಪ್‌ಟಾಪಿನಲ್ಲಿ ಸರಿಯಾದ ಉತ್ತರ ಕೊಟ್ಟ ಪ್ರೋಗ್ರಾಮು ಕಾಲೇಜಿನ ಲ್ಯಾಬಿನಲ್ಲಿ ಬೇರೆಯದೇ ಉತ್ತರ ತೋರಿಸಿದಾಗ ನಮ್ಮಲ್ಲಿ ಬಹಳ ಮಂದಿ ವಿದ್ಯಾರ್ಥಿಗೆ ಹೇಳುವುದು, ‘ಈ ಸಿಸ್ಟಮ್ ಸರಿ ಇಲ್ಲ, ಪಕ್ಕದ್ದರಲ್ಲಿ ಕೂತು ಮಾಡು’ ಎಂದು. ನಾನೂ ಎಷ್ಟೋ ಸಲ ಹಾಗೆ ಹೇಳಿದ್ದೇನೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಇರುವುದು ಯಂತ್ರದಲ್ಲಲ್ಲ, ಪ್ರೋಗ್ರಾಮಿನಲ್ಲಿ. ಯಂತ್ರ ಬದಲಾದಾಗ ಅದು ನಮ್ಮ ಕಣ್ಣಿಗೆ ಬಿತ್ತು, ಅಷ್ಟೆ.

ಇತ್ತೀಚೆಗೆ ಒಬ್ಬ ವಿದ್ಯಾರ್ಥಿನಿ ಐದು ವಿಷಯಗಳ ಅಂಕಗಳನ್ನು ಕೂಡಿಸುವ ಪ್ರೋಗ್ರಾಮು ಬರೆದಿದ್ದಳು. ಮನೆಯಲ್ಲಿ 387 ಎಂದು ಬಂದ ಮೊತ್ತ ಲ್ಯಾಬಿನಲ್ಲಿ 33151 ಆಯಿತು. ಮತ್ತೊಮ್ಮೆ ರನ್ ಮಾಡಿದರೆ 33153. ಆ ದಿನ ಅವಳನ್ನು ಎಬ್ಬಿಸಿ ಬೇರೆ ಕಡೆ ಕೂರಿಸುವ ಬದಲು, ಅಂಕಗಳನ್ನು ಒಂದೊಂದಾಗಿ ಕೂಡಿಸುತ್ತ ಹೋಗುವ ಲೂಪ್ ಶುರುವಾಗುವುದಕ್ಕೆ ಮೊದಲೇ ಮೊತ್ತದ ವೇರಿಯೇಬಲ್ಲನ್ನು (ಮೊತ್ತವನ್ನು ಇಡಲು ಹೆಸರಿಟ್ಟ ಮೆಮೊರಿಯ ಜಾಗವನ್ನು) ಪ್ರಿಂಟ್ ಮಾಡಿ ನೋಡಲು ಹೇಳಿದೆ. ಒಂದು ಅಂಕವನ್ನೂ ಕೂಡಿಸದಿದ್ದರೂ ಅದರಲ್ಲಿ 32764 ಕುಳಿತಿತ್ತು. ವೇರಿಯೇಬಲ್ಲಿಗೆ ಆರಂಭದಲ್ಲಿ ಸೊನ್ನೆ ಕೊಡುವುದನ್ನು ಅವಳು ಮರೆತಿದ್ದಳು. ಮೆಮೊರಿಯ ಆ ಜಾಗದಲ್ಲಿ ಹಿಂದೆ ಯಾವುದೋ ಕೆಲಸಕ್ಕೆ ಬಳಕೆಯಾಗಿ ಉಳಿದಿದ್ದ ಬೆಲೆಯೇ ಮೊತ್ತಕ್ಕೆ ಸೇರಿಕೊಂಡಿತ್ತು. ಮನೆಯ ಲ್ಯಾಪ್‌ಟಾಪಿನಲ್ಲಿ ಅದೇ ಜಾಗದಲ್ಲಿ ಸೊನ್ನೆ ಇದ್ದದ್ದು ಆಕಸ್ಮಿಕ. ಅಂದರೆ ತಪ್ಪು ಉತ್ತರ ಕೊಟ್ಟ ಲ್ಯಾಬಿನ ಕಂಪ್ಯೂಟರೇ ಅವಳಿಗೆ ಉಪಕಾರ ಮಾಡಿತ್ತು. ಎಲ್ಲ ಎಚ್ಚರಿಕೆಗಳನ್ನೂ ತೋರಿಸುವಂತೆ, ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್‌ಗೆ ಹೇಳಿದ್ದರೆ ಅದು ರನ್ ಮಾಡುವ ಮೊದಲೇ ಆ ಸಾಲನ್ನು ತೋರಿಸಿಕೊಡಬಹುದಿತ್ತು. ಆದರೆ ನಾವು ಲ್ಯಾಬಿನಲ್ಲಿ ಎರರ್ ಇದೆಯೇ ಎಂದಷ್ಟೇ ನೋಡಿ, ವಾರ್ನಿಂಗ್‌ಗಳನ್ನು ದಾಟಿ ಹೋಗುವುದನ್ನೇ ಅಭ್ಯಾಸ ಮಾಡಿಸಿದ್ದೇವೆ.

ಇನ್ನೊಂದು ಕಾರಣ ನಮ್ಮ ಲ್ಯಾಬುಗಳಿಗೇ ಅಂಟಿಕೊಂಡದ್ದು. 1987ರಲ್ಲಿ ಮೊದಲು ಹೊರಬಂದ, ಹಳೆಯ ಡಾಸ್ ಕಾರ್ಯಾಚರಣಾ ವ್ಯವಸ್ಥೆಯ ಕಾಲದ ಟರ್ಬೊ ಸಿ ಕಂಪೈಲರನ್ನು ಇಂದಿಗೂ, ಡಾಸನ್ನು ಅನುಕರಿಸುವ ಡಾಸ್‌ಬಾಕ್ಸ್‌ನೊಳಗೆ ನಡೆಸುವ ಕಾಲೇಜುಗಳಿವೆ. ವಿದ್ಯಾರ್ಥಿಗಳ ಲ್ಯಾಪ್‌ಟಾಪುಗಳಲ್ಲಿರುವುದು ಹೊಸ ಕಂಪೈಲರಾದ ಜಿಸಿಸಿ. ಟರ್ಬೊ ಸಿ ಒಂದು ಪೂರ್ಣಾಂಕಕ್ಕೆ 2 ಬೈಟ್ ಜಾಗ ಕೊಡುವುದರಿಂದ 32767ಕ್ಕಿಂತ ದೊಡ್ಡ ಬೆಲೆ ಅದರಲ್ಲಿ ಹಿಡಿಸುವುದಿಲ್ಲ. ಹೊಸ ಕಂಪೈಲರ್ 4 ಬೈಟ್ ಕೊಡುತ್ತದೆ. ಹೀಗಾಗಿ 8ರ ಫ್ಯಾಕ್ಟೋರಿಯಲ್ (1ರಿಂದ 8ರವರೆಗಿನ ಸಂಖ್ಯೆಗಳ ಗುಣಲಬ್ಧ) ಮನೆಯಲ್ಲಿ 40320 ಎಂದು ಬಂದರೆ ಅಂಥ ಲ್ಯಾಬಿನಲ್ಲಿ ಮೈನಸ್ 25216 ಎಂದು ಬರುತ್ತದೆ. ಋಣಸಂಖ್ಯೆ ಕಂಡಾಗ ಮಕ್ಕಳು ಎಚ್ಚೆತ್ತುಕೊಳ್ಳುತ್ತಾರೆ. ನಿಜವಾಗಿ ಹೆದರಬೇಕಾದದ್ದು ಹೊಸ ಕಂಪೈಲರಿನಲ್ಲಿ 13ರ ಫ್ಯಾಕ್ಟೋರಿಯಲ್ ಕೇಳಿದಾಗ: 6227020800 ಬರಬೇಕಾದ ಕಡೆ ಸಾಮಾನ್ಯವಾಗಿ 1932053504 ಬರುತ್ತದೆ, ನೋಡಲು ಸರಿಯಾದ ಉತ್ತರದ ಹಾಗೆಯೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಒಂದೇ ಪ್ರೋಗ್ರಾಮನ್ನು ಎರಡೂ ಕಡೆ ನಡೆಸಿ, ಉತ್ತರಗಳು ಎಷ್ಟನೆಯ ಸಂಖ್ಯೆಯಿಂದ ಬೇರೆಯಾದವು ಎಂದು ಹುಡುಕಿಸಿದರೆ ಪೂರ್ಣಾಂಕದ ಮಿತಿಯ ಪಾಠ ಒಂದೇ ಪೀರಿಯಡ್‌ನಲ್ಲಿ ಮನಸ್ಸಿಗೆ ಇಳಿಯುತ್ತದೆ.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲೂ ಒಂದು ಬಿನ್ನಹವಿದೆ. ಪರದೆಗೆ ಉತ್ತರ ಬರೆಸುವ ಒಂದೇ ಪ್ರಿಂಟ್‌ಎಫ್ ಸಾಲಿನಲ್ಲಿ ಒಂದೇ ವೇರಿಯೇಬಲ್ಲನ್ನು ಎರಡು ಮೂರು ಸಲ ಏರಿಸಿ ‘ಔಟ್‌ಪುಟ್ ಏನು?’ ಎಂದು ಕೇಳುವ ಪ್ರಶ್ನೆಗಳನ್ನು ದಯವಿಟ್ಟು ಕೈಬಿಡಬೇಕು. ಸಿ ಭಾಷೆಗೆ 1989ರಲ್ಲಿ ಮಾನಕ ರೂಪುಗೊಂಡಾಗಲೇ ಅಂಥ ಸಾಲಿನ ಫಲಿತಾಂಶ ಇಂಥದ್ದೇ ಆಗಬೇಕೆಂಬ ನಿಯಮವನ್ನು ಅದು ಇಟ್ಟುಕೊಳ್ಳಲಿಲ್ಲ. ಒಂದು ಕಂಪೈಲರ್ ಎಡದಿಂದ ಲೆಕ್ಕ ಹಾಕಬಹುದು, ಇನ್ನೊಂದು ಬಲದಿಂದ, ಎರಡನ್ನೂ ತಪ್ಪೆನ್ನಲಾಗದು. ಅದಕ್ಕೆ ಒಂದೇ ಉತ್ತರವನ್ನು ನಿಗದಿಮಾಡಿ, ತನ್ನ ಲ್ಯಾಪ್‌ಟಾಪಿನಲ್ಲಿ ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದ ಮಗುವಿನ ಅಂಕ ಕಳೆಯುವುದು ಅನ್ಯಾಯ.

ಯಂತ್ರವೇ ತಪ್ಪು ಮಾಡಿದ ಉದಾಹರಣೆ ಇಲ್ಲವೆಂದಲ್ಲ. ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ (ಒಂದಕ್ಕೊಂದು 2ರ ಅಂತರದಲ್ಲಿರುವ ಅವಿಭಾಜ್ಯ ಸಂಖ್ಯೆಗಳ ಜೋಡಿ) ಲೆಕ್ಕವನ್ನು ಹಲವು ಕಂಪ್ಯೂಟರುಗಳಲ್ಲಿ ನಡೆಸುತ್ತಿದ್ದಾಗ, 1994ರ ಜೂನ್‌ನಲ್ಲಿ ಫಲಿತಾಂಶಗಳು ತಾಳೆಯಾಗಲಿಲ್ಲ. ಅವರು ಕೂಡಲೇ ಇಂಟೆಲ್ ಕಂಪನಿಯ ಹೊಸ ಪೆಂಟಿಯಂ ಚಿಪ್ಪನ್ನು ದೂರಲಿಲ್ಲ. ತಮ್ಮ ಪ್ರೋಗ್ರಾಮು, ಕಂಪೈಲರ್ ಮತ್ತು ಯಂತ್ರದ ಉಳಿದ ಭಾಗಗಳನ್ನು ಒಂದೊಂದಾಗಿ ಅನುಮಾನದಿಂದ ಹೊರಗಿಡುತ್ತ ಬಂದು, ಅಕ್ಟೋಬರ್ ವೇಳೆಗೆ ಚಿಪ್ಪಿನ ಭಾಗಾಕಾರದಲ್ಲೇ ದೋಷವಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಬಾಯಿಬಿಟ್ಟರು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕಾದ ಕಡೆ ಆ ಚಿಪ್ಪು 1.33374 ಕೊಡುತ್ತಿತ್ತು. ಇಂಟೆಲ್ ಕಂಪನಿ ಕೊನೆಗೆ ಚಿಪ್ಪುಗಳನ್ನು ಬದಲಿಸಿಕೊಡಲು ಒಪ್ಪಿ, 47.5 ಕೋಟಿ ಡಾಲರ್ ವೆಚ್ಚವನ್ನು ತೋರಿಸಬೇಕಾಯಿತು. ‘ಸಿಸ್ಟಮ್ ಸರಿ ಇಲ್ಲ’ ಎಂಬ ಮಾತನ್ನು ಆಡಲು ನೈಸ್ಲಿ ನಾಲ್ಕು ತಿಂಗಳು ತೆಗೆದುಕೊಂಡರು. ನಾವು ನಾಲ್ಕು ಸೆಕೆಂಡು ತೆಗೆದುಕೊಳ್ಳುತ್ತೇವೆ.

ಆದ್ದರಿಂದ ಪ್ರಾಯೋಗಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಯಾವ ಕಂಪೈಲರ್, ಯಾವ ಆವೃತ್ತಿ ಎಂಬುದನ್ನು ಮುದ್ರಿಸಬೇಕು, ಮತ್ತು ಔಟ್‌ಪುಟ್ ತಪ್ಪಾದಾಗ ಅದರ ಕಾರಣವನ್ನು ಹುಡುಕಿ ಬರೆದವರಿಗೆ ಅಂಕ ಮೀಸಲಿಡಬೇಕು ಎಂದು ವಿಶ್ವವಿದ್ಯಾಲಯಗಳನ್ನು ವಿನಂತಿಸುತ್ತೇನೆ. ಆ ವಿದ್ಯಾರ್ಥಿನಿ ತನ್ನ ಲ್ಯಾಬ್ ರೆಕಾರ್ಡಿನಲ್ಲಿ 33151 ಎಂಬ ಉತ್ತರವನ್ನು ಅಳಿಸದೆ, ಅದರ ಕೆಳಗೆ ಕಾರಣವನ್ನೂ ತಿದ್ದಿದ ಸಾಲನ್ನೂ ಬರೆದಿದ್ದಾಳೆ. ಆ ಪುಟಕ್ಕೆ ನಾನು ಸಹಿ ಹಾಕಿದ್ದೇನೆ. ಪರೀಕ್ಷೆಗೆ ಹೊರಗಿನಿಂದ ಬರುವ ಪರೀಕ್ಷಕರು ಅದನ್ನು ಹರಿದು ಹೊಸದಾಗಿ ಬರೆಯುವಂತೆ ಅವಳಿಗೆ ಹೇಳಬಾರದೆಂದು ಕೋರುತ್ತೇನೆ.

ಇಂತಿ,
ಒಬ್ಬ ಗಣಕ ವಿಜ್ಞಾನ ಉಪನ್ಯಾಸಕ, ತುಮಕೂರು