ರೋಸೆಟ್ಟಾ ಅಚ್ಚಿನ ವಿಚಾರ: ಚಿಂತಾಮಣಿಯ ಗೆಳೆಯನಿಗೆ ತುಮಕೂರಿನಿಂದ

ಪ್ರಿಯ ಗೆಳೆಯಾ,

ಮನೆಯಲ್ಲಿ ಎಲ್ಲರೂ ಆರಾಮ ತಾನೆ? ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ನೀನು ಕೇಳಿದ್ದು ಒಂದೇ ಸಾಲಿನ ಪ್ರಶ್ನೆ. ಮಿಲಾನಿನಲ್ಲಿದ್ದಾಗ ದಿನಾ ತಿನ್ನುತ್ತಿದ್ದ ಆ ಹೂವಿನಂಥ ಬನ್ನನ್ನು ಮನೆಯಲ್ಲೇ ಮಾಡಬೇಕು, ಅದರ ಅಚ್ಚು ಎಲ್ಲಿ ಸಿಗುತ್ತದೆ? ಉತ್ತರವೂ ಒಂದೇ ಸಾಲಿನದು: ಅಂಗಡಿ ಸುತ್ತಬೇಡ, ಮಾಡಿಸಿಕೋ. ಆದರೆ ಯಾಕೆ, ಯಾವ ಅಳತೆಗೆ, ಯಾರ ಹತ್ತಿರ ಅಂತ ಬರೆಯದಿದ್ದರೆ ನೀನು ರಾತ್ರಿ ಹತ್ತು ಗಂಟೆಗೆ ಫೋನ್ ಮಾಡುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ. ಅದಕ್ಕೇ ಇಷ್ಟುದ್ದ. ಇದೇ ಹುಚ್ಚು ಹಿಡಿದ ಬೇರೆಯವರಿಗೂ ಉಪಯೋಗವಾಗಲಿ ಅಂತ ಎಲ್ಲರೂ ಓದುವ ಹಾಗೆ ಹಾಕಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ನೀನು ಮಿಕೆಟ್ಟಾ ಅಂತ ಕೇಳಿ ಕೊಳ್ಳುತ್ತಿದ್ದೆಯಲ್ಲ, ರೋಮಿನಲ್ಲಿ ಅದೇ ಜಾತಿಯ ಬನ್ನಿಗೆ ರೋಸೆಟ್ಟಾ ಅನ್ನುತ್ತಾರೆ. ಅಲ್ಲಿ ಅದರ ಹೊಟ್ಟೆಗೆ ಮೊರ್ತದೆಲ್ಲಾ ಅನ್ನುವ ಹಂದಿಮಾಂಸದ ಹೋಳು ತುಂಬಿ ಕೊಡುತ್ತಾರೆ. ಮೂಲ ನೋಡಿದರೆ ಇದು ಇಟಲಿಯದ್ದೂ ಅಲ್ಲ. 18ನೇ ಶತಮಾನದಲ್ಲಿ ಮಿಲಾನ್ ಇರುವ ಲೊಂಬಾರ್ಡಿ ಸೀಮೆ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರ ಕೈಗೆ ಬಂತು. ಅವರ ಅಧಿಕಾರಿಗಳ ಜೊತೆ ವಿಯೆನ್ನಾದ ಕೈಸರ್ ಬನ್ನೂ ಬಂತಂತೆ. ಮಿಲಾನಿನ ತೇವದ ಗಾಳಿಗೆ ಅದು ಸಂಜೆಯೊಳಗೆ ಮೆತ್ತಗಾಗುತ್ತಿತ್ತು, ಅದಕ್ಕೆ ಅಲ್ಲಿನ ಬೇಕರಿಯವರು ಒಳಗಿನ ತಿರುಳನ್ನೇ ಇಲ್ಲವಾಗಿಸಿ ಟೊಳ್ಳು ಬನ್ನು ಮಾಡಿದರು ಅಂತ ಹೇಳುತ್ತಾರೆ. 2007ರಲ್ಲಿ ಮಿಲಾನ್ ನಗರಸಭೆ ಅದನ್ನು ತನ್ನೂರಿನ ತಿನಿಸು ಅಂತ ಅಧಿಕೃತವಾಗಿ ಗುರುತಿಸಿತು.

ಈ ಟೊಳ್ಳಿನ ವಿಷಯ ನಮ್ಮ ಬೀದಿಯ ಬೇಕರಿಯವರಿಗೆ ಹೇಳಿದೆ. ಅವರು ನಕ್ಕು, "ಒಳಗೆ ಏನೂ ಇಲ್ಲದ ಬನ್ನಿಗೆ ನಮ್ಮೂರಲ್ಲಿ ಯಾರು ಸಾರ್ ದುಡ್ಡು ಕೊಡ್ತಾರೆ?" ಅಂದರು. ಮಾತು ಸರಿಯೇ. ಆದರೆ ಇಡೀ ಕಥೆ ಇರುವುದು ಆ ಟೊಳ್ಳಿನಲ್ಲೇ. ಅಚ್ಚು ಹೇಗಿರಬೇಕು ಅಂತ ತೀರ್ಮಾನ ಮಾಡುವುದೂ ಅದೇ.

ಹೇಗೆ ಅಂದರೆ, ಈ ಅಚ್ಚು ಬರೀ ಚಿತ್ರ ಮೂಡಿಸುವ ಮುದ್ರೆಯಲ್ಲ. ನಡುವೆ ಒಂದು ಬಳೆ, ಅದರಿಂದ ಹೊರಗೆ ಹೋಗುವ ಐದು ಪಟ್ಟಿ. ಹಿಟ್ಟಿನ ಮೇಲಿಟ್ಟು ಒತ್ತಿದಾಗ ಅದು ಮೇಲಿನ ಪದರವನ್ನು ಕೆಳಗಿನ ಪದರದವರೆಗೆ ತಳ್ಳಿ ಅಮುಕಬೇಕು. ಆಗ ಐದು ಎಸಳು, ನಡುವೆ ಒಂದು ಮೊಗ್ಗು ಬೇರೆಬೇರೆಯಾಗಿ ನಿಲ್ಲುತ್ತವೆ. ಒವನ್ನಿನ ಕಾವು ತಗುಲಿದಾಗ ಒಳಗಿನ ಗಾಳಿ ಹಿಗ್ಗಿ ಎಸಳುಗಳನ್ನು ಎತ್ತುತ್ತದೆ. ಅಂಚು ಚೂಪಾಗಿದ್ದರೆ ಹಿಟ್ಟು ಅಮುಕುವ ಬದಲು ಕತ್ತರಿಸಿಹೋಗುತ್ತದೆ, ಗಾಳಿ ಸೋರುತ್ತದೆ, ಟೊಳ್ಳಾಗುವುದಿಲ್ಲ. ಅಚ್ಚು ಆಳವಿಲ್ಲದಿದ್ದರೆ ಒತ್ತಿದ ಗೆರೆ ಹಿಟ್ಟು ಉಬ್ಬುವಾಗಲೇ ಮಾಯ. ಹಾಗಾಗಿ ಬೇಕಾದ್ದು ಎರಡೇ ಗುಣ: ಆಳ ಇರಬೇಕು, ಅಂಚು ಮೊಂಡಾಗಿರಬೇಕು.

ಈ ಎರಡನ್ನು ತಲೆಯಲ್ಲಿಟ್ಟುಕೊಂಡು ಮಾರ್ಕೆಟ್ ನೋಡು. ಆನ್‌ಲೈನ್‌ನಲ್ಲಿ "ಕೈಸರ್ ರೋಲ್ ಸ್ಟ್ಯಾಂಪ್" ಅಂತ ಹುಡುಕಿದರೆ ಕೆಲವು ನೂರು ರೂಪಾಯಿಗೆ ಬಿಳಿ ಪ್ಲಾಸ್ಟಿಕ್ಕಿನದು ಬರುತ್ತದೆ. ಫೋಟೋದಲ್ಲಿ ಗಂಭೀರವಾಗಿ ಕಾಣುತ್ತದೆ. ನನಗೆ ಬಂದದ್ದರ ಪಟ್ಟಿ ಕಿರುಬೆರಳಿನ ಅರ್ಧ ಗೆಣ್ಣಿನಷ್ಟೂ ಆಳ ಇರಲಿಲ್ಲ. ಅಲ್ಲದೆ ಕೈಸರ್ ಬನ್ನಿನ ಗೆರೆಗಳು ಗಿರಗಿಟ್ಟೆ ತಿರುಗಿದ ಹಾಗೆ ಬಾಗಿರುತ್ತವೆ. ರೋಸೆಟ್ಟಾದ ಗೆರೆ ನೇರ, ನಡುವೆ ಮೊಗ್ಗು ಬೇರೆ. ತಿರುಳು ತುಂಬಿದ ಮೆತ್ತನೆಯ ಬನ್ನಿಗೆ ಆ ಪ್ಲಾಸ್ಟಿಕ್ ಸಾಕು, ನಿನಗೆ ಬೇಕಾದ್ದಕ್ಕೆ ಸಾಲದು.

ಇಟಲಿಯದ್ದೇ ಬೇಕು ಅಂತ ಹಟ ಇದ್ದರೆ ಇಂಗ್ಲಿಷಿನಲ್ಲಿ ಹುಡುಕಬೇಡ. "ಸ್ಟಾಂಪೋ ಪೆರ್ ರೋಸೆಟ್ಟೆ" (stampo per rosette) ಅಥವಾ "ಸ್ಟಾಂಪೋ ಪೆರ್ ಮಿಕೆಟ್ಟೆ" (stampo per michette) ಅಂತ ಅವರ ಅಕ್ಷರದಲ್ಲೇ ಹಾಕು, ಆಗ ಸರಿಯಾದ ಆಳವಿರುವುದು ಕಣ್ಣಿಗೆ ಬೀಳುತ್ತದೆ. ತೊಂದರೆ ಏನಂದರೆ ತರಿಸುವ ಖರ್ಚು ಅಚ್ಚಿನ ಬೆಲೆಯನ್ನು ಸುಲಭವಾಗಿ ದಾಟುತ್ತದೆ. ನಿನ್ನ ಹಳೆ ಕಂಪನಿಯವರು ಯಾರಾದರೂ ಅಲ್ಲಿಂದ ಬರುವುದಿದ್ದರೆ ಬ್ಯಾಗಿನಲ್ಲಿ ಒಂದು ಹಾಕಿಕೊಂಡು ಬರಲು ಹೇಳು. ಇಲ್ಲಾಂದ್ರೆ ಬಿಟ್ಟುಬಿಡು. ಅಲ್ಲಿನ ಬೇಕರಿಗಳಲ್ಲಿ ಹಿಟ್ಟನ್ನು ಆರು ಮೂಲೆಯ ತುಂಡುಗಳಾಗಿ ಕತ್ತರಿಸುವ ಮೆಷಿನ್ನೇ ಇರುತ್ತದೆ. ಆರು ಮೂಲೆ ಯಾಕೆಂದರೆ ಪಕ್ಕಪಕ್ಕ ಕೂರಿಸಿದಾಗ ನಡುವೆ ಹಿಟ್ಟು ಉಳಿಯುವುದಿಲ್ಲ. ಮನೆಯಲ್ಲಿ ಅದೆಲ್ಲ ಬೇಡ, ಡಬ್ಬಿಯ ಮುಚ್ಚಳದಿಂದ ದುಂಡಗೆ ಕತ್ತರಿಸಿದರೂ ನಡೆಯುತ್ತದೆ.

ಮಂಡಿಪೇಟೆಯ ಪಾತ್ರೆ ಅಂಗಡಿಗಳಲ್ಲಿ ಕೇಳುತ್ತಾ ಹೋದೆ. ಸೇಬು ಕತ್ತರಿಸುವ ಸ್ಟೀಲ್ ಕಟ್ಟರ್ ಸಿಕ್ಕಿತು. ನಡುವೆ ಬಳೆ, ಸುತ್ತ ಎಂಟು ಅಲಗು. ಇಟಲಿಯಲ್ಲೂ ಮನೆಯಲ್ಲಿ ಬ್ರೆಡ್ ಮಾಡುವವರು ಅಚ್ಚು ಇಲ್ಲದಿದ್ದರೆ ಇದನ್ನೇ ಬಳಸುತ್ತಾರೆ. ಎಸಳು ಐದರ ಬದಲು ಎಂಟಾಗುತ್ತದೆ, ಅದು ದೊಡ್ಡ ವಿಷಯವಲ್ಲ. ಅಲಗಿನ ಚೂಪೇ ಸಮಸ್ಯೆ. ಸಾಣೆ ಹಿಡಿಯುವವನ ಹತ್ತಿರ ಹೋಗಿ "ಇದನ್ನು ಮೊಂಡು ಮಾಡಿಕೊಡಪ್ಪ" ಅಂದರೆ ಅವನು ನಿನ್ನನ್ನು ಮೇಲಿಂದ ಕೆಳಗೆ ನೋಡುತ್ತಾನೆ. ನಾನು ಮನೆಯಲ್ಲೇ ಅರದಲ್ಲಿ ಉಜ್ಜಿದೆ. ಕೆಲಸಕ್ಕೆ ಬರುತ್ತದೆ, ಮೊದಲ ಬಾರಿ ಕೈ ಪಳಗಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಚಿಂತಾಮಣಿ ಪೇಟೆಯಲ್ಲೂ ಸಿಗಬೇಕು.

ಅಮ್ಮನಿಗೆ ಇದೆಲ್ಲ ನೋಡಿ ತಡೆಯಲಾಗಲಿಲ್ಲ. ಅಟ್ಟದಿಂದ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆಗಳು, ಕರ್ಜಿಕಾಯಿ ಅಚ್ಚು, ಚಕ್ಕುಲಿ ಒರಳು ಎಲ್ಲ ಇಳಿಸಿದರು. "ನಮ್ಮನೇಲಿ ಇಲ್ಲದ ಅಚ್ಚು ಇಟಲಿಯವರ ಹತ್ತಿರ ಏನಿದೆಯೋ?" ಅಂತ ಒಂದು ಮಾತು ಬೇರೆ. ಮರದ ಅಚ್ಚಿನ ಕೆತ್ತನೆ ಚೆನ್ನ, ಆದರೆ ಅದು ಪಾಕ ಹೊಯ್ಯುವುದಕ್ಕೆ ಮಾಡಿದ್ದು. ಉಬ್ಬುವ ಹಿಟ್ಟಿನ ಮೇಲೆ ಅಷ್ಟು ತೆಳು ಗೆರೆ ನಿಲ್ಲುವುದಿಲ್ಲ. ಅಮ್ಮ ಒಪ್ಪಲಿಲ್ಲ, ಅದು ಬೇರೆ ವಿಷಯ.

ಕೊನೆಗೆ ಮಾಡಿಸಿದೆ. ನಮ್ಮೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ 2016ರಲ್ಲಿ ಮುಚ್ಚಿತು ಅಲ್ವಾ, ಅಲ್ಲಿ ಕೆಲಸ ಮಾಡಿದ ಒಬ್ಬರು ಈಗ ಸಣ್ಣದೊಂದು ಲೇತ್ ಶಾಪ್ ಇಟ್ಟಿದ್ದಾರೆ. ಗಡಿಯಾರದ ಬಿಡಿಭಾಗ ಮಾಡಿದ ಕೈ. ನಾನು ಕಾಗದದ ಮೇಲೆ ಹೂವು ಬರೆದು ತೋರಿಸಿದರೆ ಅವರು ಮೊದಲು ಕೇಳಿದ್ದು, "ಟಾಲರೆನ್ಸ್ ಎಷ್ಟು?" ಅಂದರೆ ಅಳತೆ ಎಷ್ಟು ಹೆಚ್ಚುಕಮ್ಮಿಯಾದರೆ ನಡೆಯುತ್ತದೆ ಅಂತ. ಬನ್ನಿಗೆ ಟಾಲರೆನ್ಸ್ ಕೇಳಿದವರನ್ನು ನಾನು ಬೇರೆಲ್ಲೂ ನೋಡಿಲ್ಲ. ಅವರ ಜೊತೆ ಕೂತು ಗಟ್ಟಿ ಮಾಡಿಕೊಂಡ ಅಳತೆ ಇದು, ಬರೆದಿಟ್ಟುಕೋ.

ಮೇಲೆ 8 ಸೆಂಟಿಮೀಟರ್ ಅಗಲದ ದುಂಡು ತಟ್ಟೆ, ಅದಕ್ಕೊಂದು ಹಿಡಿ. ತಟ್ಟೆಯ ಕೆಳಗೆ ನಡುವೆ ಎರಡೂವರೆ ಸೆಂಟಿಮೀಟರ್ ಅಗಲದ ಪೈಪಿನ ತುಂಡು, ಅದರಿಂದ 72 ಡಿಗ್ರಿಗೆ ಒಂದರಂತೆ ಐದು ಪಟ್ಟಿ. ಪಟ್ಟಿಯ ಎತ್ತರ 3 ಸೆಂಟಿಮೀಟರ್, ದಪ್ಪ ಒಂದೂವರೆ ಮಿಲಿಮೀಟರ್. ನಡುವಿನ ಬಳೆ ಮಾತ್ರ ಪಟ್ಟಿಗಿಂತ ಎರಡು ಮಿಲಿಮೀಟರ್ ಗಿಡ್ಡ ಇರಲಿ, ಇಲ್ಲದಿದ್ದರೆ ಮೊಗ್ಗು ಕತ್ತರಿಸಿ ಬಂದುಬಿಡುತ್ತದೆ. ಬಳೆಯ ಮೇಲೆ ತಟ್ಟೆಯಲ್ಲಿ ಒಂದು ತೂತು ಬೇಕೇ ಬೇಕು. ಗಾಳಿ ಹೋಗಲು ದಾರಿ ಇಲ್ಲದಿದ್ದರೆ ಅಚ್ಚು ಎತ್ತುವಾಗ ಮೊಗ್ಗೂ ಜೊತೆಗೆ ಕಿತ್ತು ಬರುತ್ತದೆ. ಈ ತೂತು ಅವರ ಐಡಿಯಾ, ನನ್ನದಲ್ಲ. ಹೊರಗಡೆ ಸುತ್ತು ಬಳೆ ಹಾಕಿಸಬೇಡ, ಬನ್ನಿನ ಅಂಚು ಬಿಡುವಾಗಿರಬೇಕು.

ಲೋಹ 304 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್ ಅಂತ ಒತ್ತಿ ಹೇಳು. ಶಾಪಿನಲ್ಲಿ ಬಿದ್ದಿರುವ ಜಿಐ ಶೀಟಿನ ತುಂಡಿನಲ್ಲಿ ಮಾಡಿಕೊಡುತ್ತೇವೆ ಅಂದರೆ ಬೇಡ, ಸತುವಿನ ಲೇಪ ಇರುವುದು ಹಿಟ್ಟಿಗೆ ತಾಗಬಾರದು. ಬೆಸುಗೆ ಆರ್ಗಾನ್ ವೆಲ್ಡಿಂಗ್ ಆಗಲಿ, ಆಮೇಲೆ ಬಫಿಂಗ್ ಮಾಡಿಸು, ಅಂದರೆ ಉಜ್ಜಿ ನುಣುಪು ಮಾಡಿಸು. ಸಂದಿಯಲ್ಲಿ ಸಣ್ಣ ಬಿರುಕು ಉಳಿದರೂ ಹಿಟ್ಟು ಸೇರಿ ಹುಳಿ ವಾಸನೆ ಬರುತ್ತದೆ. ಲೇತ್‌ನವರು ಒಲ್ಲೆ ಅಂದರೆ ಕಲ್ಯಾಣ ಮಂಟಪದ ಅಡುಗೆಮನೆಗೆ ಸ್ಟೀಲ್ ಟೇಬಲ್, ಸಿಂಕ್ ಮಾಡುವ ಫ್ಯಾಬ್ರಿಕೇಶನ್‌ನವರನ್ನು ಹಿಡಿ. ಅವರ ಹತ್ತಿರ ಇವೆಲ್ಲ ಇರುತ್ತದೆ.

ಇನ್ನು ಹಿಟ್ಟು. ಅಚ್ಚು ಎಷ್ಟೇ ಚೆನ್ನಾಗಿದ್ದರೂ ಪಾವ್ ಮಾಡುವ ಮೆತ್ತನೆ ಹಿಟ್ಟಿಗೆ ಒತ್ತಿದರೆ ಸುಮ್ನೆ. ಇದಕ್ಕೆ ಚಪಾತಿ ಹಿಟ್ಟಿಗಿಂತ ಗಟ್ಟಿಯಾದ ಕಣಕ ಬೇಕು. ಇಟಲಿಯವರು ಹಿಂದಿನ ದಿನವೇ ಬೀಗಾ ಅಂತ ಒಣಒಣ ಹಿಟ್ಟು ಕಲಸಿಡುತ್ತಾರೆ. 500 ಗ್ರಾಂ ಹಿಟ್ಟಿಗೆ 225 ಮಿಲಿಲೀಟರ್ ನೀರು, ಒಂದೂವರೆ ಗ್ರಾಂ ಇನ್‌ಸ್ಟಂಟ್ ಈಸ್ಟ್. ನಾದಬಾರದು, ಉದುರುದುರಾಗಿ ಬೆರೆಸಿ ಮುಚ್ಚಿಡಬೇಕು. 18 ಡಿಗ್ರಿ ತಂಪಿನಲ್ಲಿ ಹದಿನೆಂಟು ಗಂಟೆ. ಡಿಸೆಂಬರ್ ರಾತ್ರಿಯಲ್ಲಿ ನಮ್ಮ ಕಡೆ ಹಿತ್ತಲ ಬಾಗಿಲ ಹತ್ತಿರ ಇಟ್ಟರೆ ಹೆಚ್ಚುಕಮ್ಮಿ ಅದೇ ತಂಪು. ಬೇಸಿಗೆಯಲ್ಲಿ ಆಗದ ಮಾತು. ಒಂದೆರಡು ಗಂಟೆ ಹೊರಗಿಟ್ಟು ಆಮೇಲೆ ಫ್ರಿಜ್ಜಿಗೆ ತಳ್ಳು.

ನಮ್ಮ ಮೈದಾದ ಶಕ್ತಿ ಇದಕ್ಕೆ ಸಾಲದು. ಅವರು ಬಳಸುವುದು ಗ್ಲುಟೆನ್, ಅಂದರೆ ಹಿಟ್ಟಿಗೆ ಎಳೆತ ಕೊಡುವ ಅಂಶ, ಜಾಸ್ತಿ ಇರುವ ಹಿಟ್ಟು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಗ್ಲುಟೆನ್ ಪುಡಿ ಸಿಗುತ್ತದೆ, ಅರ್ಧ ಕಿಲೋ ಮೈದಾಗೆ ಎರಡು ಟೇಬಲ್ ಚಮಚ ಬೆರೆಸು. ಮಾರನೆ ದಿನ ಬೀಗಾಗೆ 50 ಗ್ರಾಂ ಹಿಟ್ಟು, ಅಷ್ಟೇ ನೀರು, 10 ಗ್ರಾಂ ಉಪ್ಪು, ಸ್ವಲ್ಪ ಮಾಲ್ಟ್ (ಮೊಳಕೆ ಧಾನ್ಯದ ಹಿಟ್ಟು) ಹಾಕಿ ನಾದಬೇಕು. ಗ್ಲುಟೆನ್ ಪುಡಿ ನೀರು ಎಳೆಯುತ್ತದೆ, ಹಿಟ್ಟು ತೀರಾ ಬಿರಿದರೆ ಒಂದೆರಡು ಚಮಚ ನೀರು ಜಾಸ್ತಿ ಹಾಕು. ಮಾಲ್ಟಿಗೆ ಬಾರ್ಲಿ ಹುಡುಕಬೇಡ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ಹಿಟ್ಟು ಅರ್ಧ ಟೀ ಚಮಚ ಸಾಕು. ಪಿಷ್ಟವನ್ನು ಸಕ್ಕರೆ ಮಾಡುವ ಗುಣ ಅದರಲ್ಲೂ ಇದೆ, ಹುರಿದಿರಬಾರದು ಅಷ್ಟೇ. ಹುರಿದರೆ ಆ ಗುಣ ಸಾಯುತ್ತದೆ. ರಾಗಿ ತಿಂದು ಬೆಳೆದ ನಾವು ಇದಕ್ಕೂ ಪ್ಯಾಕೆಟ್ ತರಿಸುವುದೇ?

ನಾದಿದ ಹಿಟ್ಟನ್ನು ಲಟ್ಟಿಸಿ ಮೂರು ಮಡಿಕೆ ಮಡಚು, ಮತ್ತೆ ಲಟ್ಟಿಸು. ಮೈ ನುಣ್ಣಗಾಗುವವರೆಗೆ ಹೀಗೇ. ಆಮೇಲೆ ಎರಡು ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಮೇಲೆ ಎಣ್ಣೆ ಸವರಿ, ಅರ್ಧ ಗಂಟೆ ಮುಚ್ಚಿಡು. ಈ ಎಣ್ಣೆ ಮರೆಯಬೇಡ. ಅಚ್ಚೊತ್ತಿದ ಸಂದಿ ಮತ್ತೆ ಅಂಟಿಕೊಳ್ಳದ ಹಾಗೆ ತಡೆಯುವುದು ಅದೇ. 70 ಗ್ರಾಂ ತೂಗುವಂತೆ ಕತ್ತರಿಸಿ, ಅಚ್ಚನ್ನು ನೇರ ಇಟ್ಟು ತಳ ಮುಟ್ಟಲು ಎರಡು ಮಿಲಿಮೀಟರ್ ಇರುವ ತನಕ ಒತ್ತು. ಅಲುಗಾಡಿಸದೆ ಎತ್ತು. ಕೂಡಲೇ ಹೂವಿನ ಮುಖ ಕೆಳಗೆ ಮಾಡಿ ಹಳೆ ಪಂಚೆಯ ತುಂಡಿನ ಮೇಲೆ ಮಲಗಿಸಬೇಕು. ಹಾಗೆ ಬೋರಲಾಗಿ ಉಬ್ಬಿದರೆ ಎಸಳು ಬೇಗ ಅರಳಿ ಹೋಗುವುದಿಲ್ಲ. ಬೇಯಿಸುವ ಮುಂಚೆ ತಿರುಗಿಸಿ ಇಡು.

ನಿನ್ನ ಹೊಸ ಒಟಿಜಿ (ಮನೆಬಳಕೆಯ ಪುಟ್ಟ ಒವನ್) 250 ಡಿಗ್ರಿ ಮುಟ್ಟುತ್ತದೆ ಅಂದಿದ್ದೆ. ಪೂರ್ತಿ ಕಾಯಿಸು, ಒಳಗೆ ದೋಸೆ ಕಾವಲಿ ಇಟ್ಟು ಅರ್ಧ ಗಂಟೆ. ಬನ್ನು ಆ ಕಾವಲಿಯ ಮೇಲೆ. ಕೆಳಗಿನ ಟ್ರೇಗೆ ಕುದಿಯುವ ನೀರು ಹೊಯ್ದು ಬಾಗಿಲು ಮುಚ್ಚು. ಹಬೆ ಇಲ್ಲದಿದ್ದರೆ ಮೇಲ್ಮೈ ಬೇಗ ಗಟ್ಟಿಯಾಗಿ ಒಳಗೆ ಉಬ್ಬಲು ಜಾಗವೇ ಇರುವುದಿಲ್ಲ. ಬಿಸಿ ಗಾಜಿನ ಮೇಲೆ ಒಂದು ಹನಿ ನೀರೂ ಬೀಳದಂತೆ ನೋಡಿಕೋ, ಸೀಳಿಹೋಗುತ್ತದೆ. ಇಪ್ಪತ್ತು ನಿಮಿಷ ಸಾಕು. ಕೊನೆಯ ಐದು ನಿಮಿಷ ನೀರಿನ ಟ್ರೇ ತೆಗೆದು ಬಿಡು, ಗರಿಯಾಗುತ್ತದೆ. ಬೆಂದ ಬನ್ನನ್ನು ಬೆರಳಲ್ಲಿ ತಟ್ಟಿದರೆ ಖಾಲಿ ಡಬ್ಬ ಬಡಿದ ಸದ್ದು ಬರಬೇಕು.

ನಮ್ಮನೆಯಲ್ಲಿ ಅದರ ಹೊಟ್ಟೆಗೆ ಅವರೆಕಾಳು ಉಸಲಿ ತುಂಬಿದೆವು. ಮಿಲಾನಿನವರು ಒಪ್ಪುತ್ತಾರೋ ಇಲ್ಲವೋ, ನನ್ನ ಮಗಳಂತೂ ಒಪ್ಪಿದಳು. ಸಂಜೆಯೊಳಗೆ ತಿಂದು ಮುಗಿಸಿ. ಮಾರನೆ ದಿನಕ್ಕೆ ಅದು ರಬ್ಬರ್.

ನಿನಗೂ ಒಂದು ಅಚ್ಚು ಮಾಡಿಸಲೇ? ಲೇತ್ ಶಾಪಿನವರ ಹತ್ತಿರ ನನ್ನ ನಕ್ಷೆ ಇನ್ನೂ ಇದೆ, ಹಾಗಾಗಿ ಎರಡನೆಯದಕ್ಕೆ ಮಜೂರಿ ಕಡಿಮೆ ಬೀಳುತ್ತದೆ. ನಿನ್ನ ಒಟಿಜಿಯ ಟ್ರೇ ಅಳತೆ ಮಾತ್ರ ತಿಳಿಸು. ಟ್ರೇ ಚಿಕ್ಕದಾಗಿದ್ದರೆ ಅಚ್ಚನ್ನು 7 ಸೆಂಟಿಮೀಟರಿಗೆ ಇಳಿಸೋಣ, ಒಂದು ಸುತ್ತಿಗೆ ಆರು ಬನ್ನಾದರೂ ಹಿಡಿಯಬೇಕಲ್ಲ. ಶನಿವಾರದೊಳಗೆ ಹೇಳು, ಭಾನುವಾರ ಶಾಪ್ ರಜೆ.

ನಿನ್ನ,
ತುಮಕೂರಿನ ಗೆಳೆಯ