ಬಾಗಿಲಲ್ಲೇ ವಿಂಗಡಿಸದಿದ್ದರೆ ಹಾಸಿಗೆ ಎಷ್ಟಿದ್ದರೇನು?

ಮಾನ್ಯ ಸಂಪಾದಕರೇ,

ಮೊನ್ನೆ ರಾತ್ರಿಯ ಬೈಪಾಸ್ ಅಪಘಾತದ ಗಾಯಾಳುಗಳು ಆಸ್ಪತ್ರೆಯ ಬಾಗಿಲಲ್ಲಿ ಪಟ್ಟ ಪಾಡಿನ ವರದಿ ಓದಿ ಹೊಟ್ಟೆ ಉರಿಯಿತು. ‘ಒಮ್ಮೆಲೇ ಇಷ್ಟು ಮಂದಿ ಬಂದರೆ ಏನು ಮಾಡುವುದು’ ಎಂದು ಅಧಿಕಾರಿಗಳು ಕೇಳಿದ್ದಾರೆ. ದುರಂತದಲ್ಲಿ ಮಂದಿ ಬರುವುದೇ ಒಮ್ಮೆಲೇ. ಅದಕ್ಕೆ ತಯಾರಿರುವುದು ಅವರ ಕೆಲಸ.

ಇಂಥ ಹೊತ್ತಿನಲ್ಲಿ ಆಸ್ಪತ್ರೆಯನ್ನು ಮೊದಲು ಮುಟ್ಟುವವರು ನಡೆಯಬಲ್ಲವರು. ಆಟೊದಲ್ಲಿ, ಬೈಕಿನ ಹಿಂದೆ ಕುಳಿತು ಬಂದುಬಿಡುತ್ತಾರೆ. ಹಾಸಿಗೆಗಳೆಲ್ಲ ಅವರಿಂದಲೇ ತುಂಬುತ್ತವೆ. ತಗಡಿನಡಿ ಸಿಕ್ಕವರನ್ನು ಬಿಡಿಸಿ ತರುವ ಹೊತ್ತಿಗೆ ಜಾಗವೇ ಇರುವುದಿಲ್ಲ. ಅದಕ್ಕೇ ಪಳಗಿದ ಒಬ್ಬರು ಬಾಗಿಲಲ್ಲಿ ನಿಂತು ವಿಂಗಡಿಸಬೇಕು. ಒಬ್ಬೊಬ್ಬರಿಗೆ ಒಂದು ನಿಮಿಷವೂ ಬೇಡ. ನಡೆಯುವವರಿಗೆ ಹಸಿರು ಪಟ್ಟಿ ಕಟ್ಟಿ ಒಪಿಡಿ ಹಾಲಿಗೆ ಕಳಿಸಿ. ಉಸಿರು ನಿಮಿಷಕ್ಕೆ 30 ದಾಟಿದರೆ, ಮಣಿಕಟ್ಟಿನ ನಾಡಿ ಸಿಗದಿದ್ದರೆ, ಇಲ್ಲವೇ ‘ಕೈ ಹಿಚುಕು’ ಎಂದರೆ ಹಿಚುಕದಿದ್ದರೆ ಕೆಂಪು, ನೇರ ಒಳಗೆ. ಬಾಯಿ-ಗಂಟಲ ದಾರಿ ತೆರೆದ ಮೇಲೆ ಉಸಿರಾಡಿದವರಿಗೂ ಕೆಂಪು, ತೆರೆದರೂ ಉಸಿರಾಡದವರಿಗೆ ಕಪ್ಪು, ಅಂದರೆ ಉಳಿಯುವ ಆಸೆ ಇಲ್ಲ. ಉಳಿದವರು ಹಳದಿ, ಸ್ವಲ್ಪ ಕಾಯಬಲ್ಲರು. ಪಟ್ಟಿಯನ್ನು ಮೈಗೇ ಕಟ್ಟಬೇಕು. ಅಂಗಿಗೆ ಸಿಕ್ಕಿಸಿದರೆ ಅಂಗಿ ಕತ್ತರಿಸಿ ಎಸೆದಾಗ ಅದೂ ಹೋಗುತ್ತದೆ. ಮೊನ್ನೆ ಪಟ್ಟಿಯೂ ಇರಲಿಲ್ಲ, ಕಟ್ಟುವವರೂ ಇರಲಿಲ್ಲ. ಕೌಂಟರಿನಲ್ಲಿ ಹೆಸರು, ವಯಸ್ಸು, ಆಧಾರ್ ಕೇಳುತ್ತಿದ್ದರು! ಪ್ರಜ್ಞೆ ತಪ್ಪಿದವರು ಎಲ್ಲಿಂದ ಹೇಳಬೇಕು? ಒಂದು ನಂಬರ್ ಕೊಟ್ಟು ಚಿಕಿತ್ಸೆ ಶುರು ಮಾಡಿ, ಎಂಎಲ್‌ಸಿ (ಪೊಲೀಸರಿಗೆ ಬೇಕಾದ ವೈದ್ಯಕೀಯ-ಕಾನೂನು ದಾಖಲೆ) ಆಮೇಲೆ ಬರೆಯಿರಿ.

ಆಕ್ಸಿಜನ್ ಇತ್ತಂತೆ. ಸಿಲಿಂಡರ್ ಇತ್ತು, ಅದನ್ನು ತೆರೆಯುವ ಕೀ ಇರಲಿಲ್ಲ. ಕೀಯನ್ನು ಸಿಲಿಂಡರಿನ ಕುತ್ತಿಗೆಗೇ ಸರಪಳಿ ಹಾಕಿ ಬಿಗಿದಿಡಬೇಕು, ಉಗ್ರಾಣದ ಡ್ರಾಯರಿನಲ್ಲಲ್ಲ. ರೆಗ್ಯುಲೇಟರಿನ ವಾಷರ್ ಸವೆದಿದ್ದರೆ ಗಾಳಿ ಸುಸ್ಸೆಂದು ಸೋರಿ ಹೋಗುತ್ತದೆ, ಹತ್ತಾರು ರೂಪಾಯಿಯ ವಾಷರ್ ಅದು. ಸಣ್ಣ ಬಿ ಟೈಪ್ ಸಿಲಿಂಡರಿನಲ್ಲಿ ತುಂಬಿದಾಗ ಇರುವುದು ಸುಮಾರು 1,500 ಲೀಟರ್. ನಿಮಿಷಕ್ಕೆ 15 ಲೀಟರಿನಂತೆ ಬಿಟ್ಟರೆ 100 ನಿಮಿಷಕ್ಕೆ ಖಾಲಿ. ಸ್ಕ್ಯಾನಿಂಗ್ ಕೋಣೆಯ ಮುಂದೆ ಸ್ಟ್ರೆಚರ್ ಎರಡು ತಾಸು ನಿಂತರೆ ಲೆಕ್ಕ ನೀವೇ ಹಾಕಿ. ಜನರೇಟರಿನದೂ ಅದೇ ಕಥೆ. ಕರೆಂಟ್ ಹೋದಾಗ ಅದು ಏಳದಿದ್ದರೆ ಬಹಳ ಸಲ ಕಾರಣ ಸತ್ತ ಬ್ಯಾಟರಿ. ವಾರಕ್ಕೊಮ್ಮೆ ಗುರ್ರೆನ್ನಿಸಿ ನಿಲ್ಲಿಸಿದರೆ ಸಾಲದು, ಲಿಫ್ಟು, ಐಸಿಯುಗಳ ಲೋಡ್ ಹಾಕಿ ಅರ್ಧ ತಾಸು ಓಡಿಸಿ ನೋಡಬೇಕು.

ಹಾವೇರಿ, ಗದಗ ಕಡೆಯಿಂದ ನಡುರಾತ್ರಿ ಓಡಿ ಬಂದ ಮನೆಯವರು ತಮ್ಮವರು ಯಾವ ವಾರ್ಡಿನಲ್ಲಿದ್ದಾರೆಂದು ತಿಳಿಯದೆ ಶವಾಗಾರದವರೆಗೆ ಅಲೆದಿದ್ದಾರೆ. ಒಂದು ಬೋರ್ಡು, ಒಬ್ಬ ಗುಮಾಸ್ತ ಸಾಕಿತ್ತು. ರ‍್ಯಾಂಪಿನ ತುಂಬ ಸಿಬ್ಬಂದಿಯ ಬೈಕುಗಳು. ಆಂಬುಲೆನ್ಸ್ ಒಳಬರುವ ಗೇಟೇ ಹೊರಹೋಗುವ ಗೇಟು.

ಇದೇನು ಹೊಸದೇ? 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದು 19 ಜನ ಹೋದರು. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿಯ ರಸ್ತೆ ಅಪಘಾತದಲ್ಲಿ ದಾವಣಗೆರೆಯ ಹೆಣ್ಣುಮಕ್ಕಳು ಹೋದರು. 2024ರ ಜೂನ್‌ನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ಇನ್ನೊಂದು ಅಪಘಾತದಲ್ಲಿ 13 ಜನ. ಇಷ್ಟಾದರೂ ಅಣಕು ಪ್ರದರ್ಶನ ಬೆಳಿಗ್ಗೆ 11ಕ್ಕೆ, ಮೊದಲೇ ಸುತ್ತೋಲೆ ಕಳಿಸಿ! ರಾತ್ರಿ ಎರಡಕ್ಕೆ ಹೇಳದೆ ಕೇಳದೆ ನಡೆಸಿ, ಯಾರು ಎಷ್ಟು ನಿಮಿಷದಲ್ಲಿ ಬಂದರು ಎಂದು ಬರೆದಿಡಿ. ತುರ್ತಿಗೆ ಕರೆಯಬೇಕಾದವರ ಫೋನ್ ಪಟ್ಟಿಯಲ್ಲಿ ವರ್ಗವಾಗಿ ಹೋದವರ ನಂಬರುಗಳೇ ಇವೆ. ಅಗೆದ ರಸ್ತೆ ಮುಚ್ಚದವರು, ಬೀದಿದೀಪ ಹಚ್ಚದವರು, ಪತ್ರ ಕೊಟ್ಟರೆ ‘ಮೇಲಿನವರನ್ನು ಕೇಳಿ’ ಎನ್ನುವವರು, ಎಲ್ಲರದೂ ಒಂದೇ ಗುಣ.

ಸಂಬಂಧಪಟ್ಟವರು ಈಗಲಾದರೂ ಎಚ್ಚೆತ್ತು ಕ್ರಮ ಕೈಗೊಳ್ಳಬೇಕು. ಆಗದಿದ್ದರೆ ಕುರ್ಚಿ ಬಿಟ್ಟು ಏಳಲಿ. ಒಂದು ಕೀ ಕಟ್ಟಿಡಲಾಗದವರಿಗೆ ವಿಪತ್ತು ನಿರ್ವಹಣಾ ಸಮಿತಿ ಯಾಕೆ ಬೇಕು?

– ಒಬ್ಬ ಓದುಗ, ವಿದ್ಯಾನಗರ, ಹುಬ್ಬಳ್ಳಿ