ಕಂಪನಿಗೆ ಗೊತ್ತಿರುವ ದೋಷ ಕೊಂಡವರಿಗೂ ಗೊತ್ತಾಗಲಿ

ಗ್ರಾಹಕ ವ್ಯವಹಾರಗಳ ಸಚಿವರಿಗೆ ನಮಸ್ಕಾರ.

ವಾರಂಟಿ ಮುಗಿದ ಮೇಲೆ ಫೋನೋ ಲ್ಯಾಪ್‌ಟಾಪೋ ಕೆಟ್ಟರೆ ಜನ ಏನು ಮಾಡುತ್ತಾರೆ? ಸರ್ವಿಸ್ ಸೆಂಟರ್‌ನಲ್ಲಿ ಕೇಳಿದಷ್ಟು ದುಡ್ಡು ಕೊಡುತ್ತಾರೆ, ಇಲ್ಲವೇ ಹೊಸದು ಕೊಳ್ಳುತ್ತಾರೆ. ಅದೇ ಮಾಡೆಲ್‌ನಲ್ಲಿ ಅದೇ ಭಾಗ ಇನ್ನೆಷ್ಟೋ ಜನರಿಗೆ ಕೆಟ್ಟಿರಬಹುದು. ಕಂಪನಿ ಅದನ್ನು ಉಚಿತವಾಗಿ ಸರಿಮಾಡಿ ಕೊಡುತ್ತಲೂ ಇರಬಹುದು. ಹುಡುಕಿ ಓದಿದವರಿಗೆ ಬಿಟ್ಟರೆ ಬೇರೆಯವರಿಗೆ ಅದು ಗೊತ್ತಾಗುವುದೇ ಇಲ್ಲ. ಇದನ್ನು ನೀವು ಬದಲಿಸಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ತಾವು ಮಾರಿದ್ದರಲ್ಲಿ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಂದಾಜು ದೊಡ್ಡ ಕಂಪನಿಗಳಿಗೆ ಮೊದಲೇ ಇರುತ್ತದೆ. ಮಾರುವಾಗಲೇ ವಾರಂಟಿ ಖರ್ಚಿಗೆಂದು ಲೆಕ್ಕದಲ್ಲಿ ಒಂದು ಮೊತ್ತ ತೆಗೆದಿಡುತ್ತಾರೆ. ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ ಐಎಎಸ್ 37 ಹೇಳುವುದೂ ಅದನ್ನೇ. ಆಮೇಲೆ ರಿಪೇರಿಗೆ ಬಂದ ಸಾಧನಗಳ ಸೀರಿಯಲ್ ನಂಬರ್, ಬದಲಿಸಿದ ಭಾಗ, ಕೆಟ್ಟಿದ್ದಕ್ಕೆ ಕಾರಣ ಎಲ್ಲ ಅವರ ದಾಖಲೆಗೆ ಸೇರುತ್ತದೆ. ಯಾವ ಬ್ಯಾಚ್‌ನಲ್ಲಿ ತೊಂದರೆ ಜಾಸ್ತಿ ಎಂದು ಅವರಿಗೆ ಸುಲಭವಾಗಿ ಕಾಣುತ್ತದೆ. ವಾರಂಟಿಗೆ ಎಷ್ಟು ಖರ್ಚಾಯಿತು ಎಂದು ಷೇರುದಾರರಿಗೆ ವರದಿ ಕೊಡುತ್ತಾರೆ. ವಸ್ತು ಕೊಂಡವರಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ.

ದೋಷ ಒಪ್ಪಿಕೊಂಡ ಕಂಪನಿಗಳೂ ಇವೆ. ಮೈಕ್ರೋಸಾಫ್ಟ್‌ನ ವಿಡಿಯೋ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360ರಲ್ಲಿ ಮೂರು ಕೆಂಪು ದೀಪ ಮಿನುಗಿ ಯಂತ್ರವೇ ನಿಂತುಹೋಗುತ್ತಿತ್ತು. ಆ ತೊಂದರೆಗೆ ಮೈಕ್ರೋಸಾಫ್ಟ್ 2007ರಲ್ಲಿ ವಾರಂಟಿಯನ್ನು 3 ವರ್ಷಕ್ಕೆ ಏರಿಸಿತು, 100 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿಟ್ಟಿತು. 2018ರಲ್ಲಿ ಆಪಲ್ ಕೆಲವು ಮ್ಯಾಕ್‌ಬುಕ್ ಲ್ಯಾಪ್‌ಟಾಪ್‌ಗಳ ಕೀಬೋರ್ಡನ್ನು ಮೊದಲ ಮಾರಾಟದಿಂದ 4 ವರ್ಷದವರೆಗೆ ಉಚಿತವಾಗಿ ಸರಿಮಾಡಿಕೊಡಲು ಒಪ್ಪಿತು. ಅಷ್ಟರಲ್ಲಿ ರಿಪೇರಿಗೆ ಕೈಯಿಂದ ಕೊಟ್ಟಿದ್ದವರಿಗೆ ಆ ಹಣ ವಾಪಸ್ ಪಡೆಯುವ ದಾರಿಯನ್ನೂ ಎರಡೂ ಕಂಪನಿಗಳು ಮಾಡಿಕೊಟ್ಟವು. ಒಳ್ಳೆಯ ಕೆಲಸವೇ. ಆದರೆ ಇಂಥದ್ದೆಲ್ಲ ನಡೆಯುವುದು ಕಂಪನಿಗೆ ಮನಸ್ಸು ಬಂದಾಗ, ಇಲ್ಲವೇ ದೂರುಗಳು ಜೋರಾದಾಗ. ಸುದ್ದಿ ತಲುಪದವರು ಬಿಲ್ ಕಟ್ಟುತ್ತಲೇ ಇರುತ್ತಾರೆ. ಇದು ನ್ಯಾಯ ಅಲ್ಲ ಅಲ್ವಾ?

ಎಲ್ಲರಿಗೂ ತಿಳಿಸುವುದು ಕಷ್ಟ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಅದೇ ಸಾಧನಕ್ಕೆ ಅವರು ಅಪ್‌ಡೇಟ್ ಕಳಿಸುತ್ತಾರೆ. ಹೊಸ ಮಾಡೆಲ್ ಬಂದರೆ ಮೇಲ್ ಬರುತ್ತದೆ. ಹೆಚ್ಚುವರಿ ವಾರಂಟಿ ಕೊಳ್ಳಿ ಎಂದು ನೆನಪಿಸಲು ಅವರು ಮರೆಯುವುದಿಲ್ಲ. ಕಾರಿನಲ್ಲಿ ಸುರಕ್ಷತೆಯ ದೋಷ ಕಂಡರೆ ಮಾಲೀಕರಿಗೆ ತಿಳಿಸಲೇಬೇಕು ಅನ್ನುವ ಕಾನೂನು ಹಲವು ದೇಶಗಳಲ್ಲಿದೆ. ಕಾರಿನ ದೋಷ ಜೀವಕ್ಕೆ ಅಪಾಯ, ಕೀಬೋರ್ಡಿನದು ಹಾಗಲ್ಲ, ನಿಜ. ಆದರೆ ಕೂಡಿಟ್ಟ ದುಡ್ಡಿನಲ್ಲಿ ಒಂದೇ ಒಂದು ಲ್ಯಾಪ್‌ಟಾಪ್ ಕೊಂಡ ವಿದ್ಯಾರ್ಥಿಗೆ ಆ ಪೆಟ್ಟು ಸಣ್ಣದಲ್ಲ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಒಂದು ಮಾಡೆಲ್‌ಗೆ ಉಚಿತ ರಿಪೇರಿ ಅಥವಾ ಹೆಚ್ಚಿನ ವಾರಂಟಿ ಕೊಡಲು ಕಂಪನಿ ಒಳಗೆ ತೀರ್ಮಾನಿಸಿದ ಕೂಡಲೇ ಆ ಸೀರಿಯಲ್ ನಂಬರ್‌ನ ಸಾಧನ ಇರುವ ಎಲ್ಲರಿಗೂ ನೇರವಾಗಿ ತಿಳಿಸುವುದು ಕಡ್ಡಾಯವಾಗಲಿ. ಹಿಂದೆ ದುಡ್ಡು ಕಟ್ಟಿದವರಿಗೆ, ಅವರು ಅರ್ಜಿ ಹಾಕದಿದ್ದರೂ, ಹಣ ಮರಳಲಿ. ಬಿಲ್ ಕಂಪನಿಯ ದಾಖಲೆಯಲ್ಲೇ ಇರುತ್ತದೆ.

ಇನ್ನೊಂದು ಮಾತು. ದೋಷ ಮೊದಲಿನಿಂದಲೇ ಇತ್ತು ಎಂದು ಸಾಬೀತು ಮಾಡುವ ಹೊರೆಯನ್ನು ಗ್ರಾಹಕರ ತಲೆಗೆ ಕಟ್ಟಬೇಡಿ. ಐರೋಪ್ಯ ಒಕ್ಕೂಟದಲ್ಲಿ ಕೊಂಡ 1 ವರ್ಷದೊಳಗೆ ದೋಷ ಕಂಡರೆ ಅದು ಮೊದಲೇ ಇತ್ತು ಎಂದೇ ಹಿಡಿಯುತ್ತಾರೆ. ಅಲ್ಲ ಎಂದು ತೋರಿಸುವ ಹೊಣೆ ಮಾರಿದವರದು. ಒಳಗಿನ ಮಾಹಿತಿಯೆಲ್ಲ ಕಂಪನಿಯ ಕೈಯಲ್ಲೇ ಇರುವಾಗ ಆ ಅವಧಿಯನ್ನು ಇನ್ನೂ ಉದ್ದ ಮಾಡಿದರೂ ತಪ್ಪಿಲ್ಲ.

ವಿಶ್ವಾಸದಿಂದ,
ಒಬ್ಬ ಗ್ರಾಹಕ